ಟ್ಯಾಂಕಿಗೊಂದು ಹಗ್ಗ

ಹುಣಸೂರಿನ ನಮ್ಮ ಮನೆಯಲ್ಲಿ ಬಿಡುವಾದಾಗಲೆಲ್ಲ ನಾನು ಅಂಗೈಯಗಲದ ಪ್ಲಾಸ್ಟಿಕ್ ಯುದ್ಧಟ್ಯಾಂಕುಗಳನ್ನು ಜೋಡಿಸುತ್ತೇನೆ. ನಿಜವಾದ ಟ್ಯಾಂಕು ಕೆಟ್ಟುನಿಂತರೆ ಎಳೆಯಲು ಅದರ ಮೇಲೆ ಉಕ್ಕಿನ ಹಗ್ಗವೊಂದು ಇರುತ್ತದೆ; ನನ್ನ ಪುಟ್ಟ ಟ್ಯಾಂಕಿಗೂ ಅಂಥದ್ದೊಂದು ಬೇಕಿತ್ತು. ಹೆಂಡತಿಯ ಹೊಲಿಗೆ ದಾರವನ್ನು ಹೊಸೆದು ಅಂಟಿಸಿದೆ. ಬಣ್ಣ ಬಳಿದೊಡನೆ ಎಳೆಗಳೆಲ್ಲ ಸೆಟೆದು ನಿಂತವು.

"ಇದೇನ್ರೀ, ಟ್ಯಾಂಕಿಗೆ ಮೀಸೆ ಬಂದದೆ," ಎಂದಳು ಅವಳು.

ದಾರ ಕಿತ್ತು ಗಿಟಾರ್ ತಂತಿ ಹಾಕಿದೆ. ಅದು ಬಗ್ಗಿಸಿದಲ್ಲಿ ನಿಲ್ಲದೆ ಚಿಮ್ಮಿ ಮಂಚದಡಿ ಸೇರಿತು. ಕೊನೆಗೆ ಹಳೆಯ ವೈರನ್ನು ಸುಲಿದು, ಒಳಗಿನ ಕೂದಲೆಳೆಯಂಥ ತಾಮ್ರದ ತಂತಿಗಳನ್ನು ತೆಗೆದೆ. ಒಂದು ತುದಿಯನ್ನು ಅವಳು ಇಕ್ಕಳದಲ್ಲಿ ಹಿಡಿದಳು, ಇನ್ನೊಂದನ್ನು ನಾನು ತಿರುವಿದೆ.

"ಸಾಕು ಬುಡಿ, ಇನ್ನೂ ತಿರುವಿದ್ರೆ ಕಿತ್ತೋಯ್ತದೆ," ಎಂದು ತಡೆದಳು.

ಆ ತಾಮ್ರದ ಹಗ್ಗ ಹೇಳಿದಂತೆ ಬಾಗಿ, ನಿಜಕ್ಕೂ ಭಾರವಿರುವ ಹಾಗೆ ಟ್ಯಾಂಕಿನ ಬೆನ್ನ ಮೇಲೆ ಮಲಗಿತು. ಬಳಿದ ಬಣ್ಣ ಒಣಗುವವರೆಗೂ ಇಬ್ಬರೂ ಕಾಫಿ ಕುಡಿಯುತ್ತ ಅದನ್ನೇ ನೋಡುತ್ತ ಕುಳಿತೆವು.