ಅತ್ತಿಯ ಹುಳಗಳ ರಂಗೋಲಿ

ಆ ಪ್ರಾಧ್ಯಾಪಕರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಧಾರವಾಡದ ಕಾಲೇಜೊಂದರಲ್ಲಿ ಅವರು ಪ್ರಾಣಿಶಾಸ್ತ್ರದ ಮುಖ್ಯಸ್ಥರು, ನಾನು ಅವರ ಕೈಕೆಳಗಿನ ಸಹಾಯಕ. ದೊಡ್ಡವರ ಮುಂದೆ ಬೆನ್ನು ಬಾಗಿಸುವುದೊಂದನ್ನೇ ಅವರು ಮನಸ್ಸಿಟ್ಟು ಕಲಿತಿದ್ದರು.

ಮೂವತ್ತರ ದಶಕದ ಮಾತು. ರಜೆ ಬಂದರೆ ನಾನು ರೈಲು ಹತ್ತಿ ಘಟ್ಟದ ಮಳೆಕಾಡಿಗೆ ಹೋಗುತ್ತಿದ್ದೆ. ಅಲ್ಲೊಂದು ಕಣಿವೆಯ ತುಂಬ ಬಗೆಬಗೆಯ ಕಾಡತ್ತಿ ಮರಗಳು. ಅತ್ತಿಕಾಯಿ ಒಡೆದರೆ ಒಳಗೆ ಎಳ್ಳಿಗಿಂತ ಸಣ್ಣ ಹುಳ. ಒಂದು ಬಗೆಯ ಅತ್ತಿಗೆ ಅದರದೇ ಒಂದು ಹುಳ. ಅದು ಪರಾಗ ತಂದರೆ ಬೀಜ, ಇಲ್ಲದಿದ್ದರೆ ಮರದ ವಂಶವೇ ಮುಗಿಯಿತು. ಬೇರೆ ಹಣ್ಣಿಲ್ಲದ ದಿನಗಳಲ್ಲಿ ಮಂಗ, ಮಂಗಟ್ಟೆ ಹಕ್ಕಿಗಳೆಲ್ಲ ಬದುಕುವುದು ಆ ಅತ್ತಿಯ ಮೇಲೆ. ಅರಣ್ಯ ಖಾತೆಗೆ ಮಾತ್ರ ಅದು ದಿಮ್ಮಿಗೆ ಬಾರದ ಹಾಳು ಗಿಡ. ಕಡಿದು ತೇಗ ನೆಡಬೇಕೆಂದು ಗುರುತು ಹಾಕಿದ್ದರು.

ನಾನು ಬಿಡುವವನೇ? ಪ್ರತಿ ಹುಳವನ್ನೂ ಸೂಜಿಗೆ ಏರಿಸಿ, ಯಾವ ಮರದ್ದೆಂದು ಬರೆದ ಚೀಟಿಯನ್ನು ಕೆಳಗೆ ಚುಚ್ಚಿ, ಕಾಲೇಜಿನ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದೆ. ಕಣ್ಣಿಗೆ ಎಲ್ಲ ಒಂದೇ ಥರ ಕಾಣುವ ಹುಳ. ಚೀಟಿ ಇಲ್ಲದಿದ್ದರೆ ಬರೀ ಕಸ. ಅರಣ್ಯ ಖಾತೆಯ ದೊಡ್ಡ ಸಾಹೇಬರು ಕಾಲೇಜು ನೋಡಲು ಬರುವವರಿದ್ದರು. ಪೆಟ್ಟಿಗೆ ತೋರಿಸಿ ಕಣಿವೆಯನ್ನು ಉಳಿಸಿಕೊಳ್ಳುವ ಹಟ ನನಗೆ.

ಅವರು ಬರುವ ದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ಪೆಟ್ಟಿಗೆಯೊಳಗೆ ಪ್ರಾಧ್ಯಾಪಕರು ನನ್ನ ಹುಳಗಳಿಂದ ರಂಗೋಲಿ ಬಿಡಿಸಿದ್ದಾರೆ! ನಡುವೆ ಕಾಲೇಜಿನ ಸಂಗ್ರಹದ ಪಾತರಗಿತ್ತಿ, ಸುತ್ತ ದುಂಬಿಗಳ ಎಸಳು, ಅತ್ತಿಯ ಹುಳಗಳೆಲ್ಲ ಚುಕ್ಕಿ.

"ಚೀಟಿ ಎಲ್ಲಿ ಹೋದುವ್ರೀ?" ಎಂದು ಕೂಗಿದೆ.

"ಹೊಲಸ ಕಾಣತಿದ್ದುವು, ಕಿತ್ತಿಸಿ ಒಲಿಗೆ ಹಾಕಿಸೀನಿ," ಎಂದರು ಪ್ರಾಧ್ಯಾಪಕರು. "ಈಗ ನೋಡ್ರಿ, ಎಷ್ಟ ಛಲೋ ಕಾಣತಾವ!"

"ನನ್ನ ಕೆಲಸಕ್ಕ ಬೆಂಕಿ ಹಚ್ಚಿದ್ರಲ್ರೀ!"

"ಹುಳದ ಸಲುವಾಗಿ ಇಷ್ಟ್ಯಾಕ ಸಿಟ್ಟು? ಸುಮ್ನಿರ್ರಿ, ಸಾಹೇಬ್ರು ಬರೂ ಹೊತ್ತಾತು."

ಸಾಹೇಬರು ಬಂದರು, ರಂಗೋಲಿ ನೋಡಿ ನಕ್ಕರು. ನಾನು ಮುನ್ನುಗ್ಗಿ ಕಣಿವೆಯ ವಿಷಯವೆಲ್ಲ ಹೇಳಿದೆ. ಹಾಗೆ ನೋಡಿದರೆ ಅವರು ಕೆಟ್ಟವರೇನಲ್ಲ. ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಇವುಗಳಲ್ಲಿ ಯಾವ ಹುಳ ಯಾವ ಮರದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗಾಜಿನ ಮೇಲೆ ಬೆರಳಾಡಿಸಿದೆ. ಒಂದನ್ನೂ ಹೇಳಲಾಗಲಿಲ್ಲ. ಅಷ್ಟರಲ್ಲಿ ಪ್ರಾಧ್ಯಾಪಕರು ನನ್ನನ್ನು ಮೊಣಕೈಯಿಂದ ಸರಿಸಿ ಸಾಹೇಬರ ಕೊರಳಿಗೆ ಹಾರ ಹಾಕಿದರು.

ಮಳೆಗಾಲಕ್ಕೆ ಮೊದಲೇ ಆ ಕಣಿವೆಯನ್ನು ಕಡಿದು ಸುಟ್ಟರು. ಬೂದಿ ನೋಡಿ ಬಂದವನು ನೇರವಾಗಿ ಪ್ರಾಧ್ಯಾಪಕರ ಮನೆಗೇ ಹೋದೆ. ಕಣಿವೆ ಹಾಳಾದದ್ದು ನಿಮ್ಮಿಂದಲೇ ಎಂದು ಅವರ ಮುಖಕ್ಕೆ ಹೇಳಿದೆ. ಅವರು ಚಹಾದ ಬಸಿಯಿಂದ ತಲೆ ಎತ್ತಲಿಲ್ಲ.

"ಆತೇಳ್ರಿ," ಎಂದರು, "ಸೂಟಿ ಬಂದಾಗ ಮತ್ತ ಒಂದಿಷ್ಟ ಹುಳ ಹಿಡಕೊಂಡ ಬರ್ರಿ."