ಹಂತ ಬಿಡದ ಮಡಿವಾಳೆಪ್ಪ ಮಾಸ್ತರರು
ಸಂಶಿ ಊರಿನ ಶಾಲೆಯಲ್ಲಿ ಬೀಜಗಣಿತ ಕಲಿಸುವ ಮಡಿವಾಳೆಪ್ಪ ಮಾಸ್ತರರಿಗೆ ಉತ್ತರ ಸರಿಯಿದ್ದರಷ್ಟೇ ಸಾಲದು. ಲೆಕ್ಕದಲ್ಲಿ ಯಾರಾದರೂ ಒಂದು ಹಂತ ಬಿಟ್ಟರೆ, "ಅಲ್ಲಿಂದ ಇಲ್ಲಿಗೆ ಹೆಂಗ ಬಂದಿಲೇ, ಹಾರಿಕೋತ?" ಎಂದು ಅರ್ಧ ಅಂಕ ಕತ್ತರಿಸುತ್ತಾರೆ. ಮನೆಯಲ್ಲೂ ಅದೇ ಪ್ರಶ್ನೆ. ಸಾರಿಗೆ ಉಪ್ಪು ಹೆಚ್ಚಾದ ದಿನ ಹೆಂಡತಿ ಗೌರಕ್ಕ ಊಟ ಬಡಿಸಿಟ್ಟು, ಆ ಪ್ರಶ್ನೆ ಬರುವ ಮೊದಲೇ ನೆರೆಮನೆಗೆ ಹೋಗಿಬಿಡುತ್ತಾಳೆ. ಮೊನ್ನೆ ಒಂಬತ್ತನೇ ತರಗತಿಯ ಮಾದೇವಿಯ ಅಪ್ಪ ಕನಕಪ್ಪ ಬಂದು, "ಮಗಳು ದೊಡ್ಡಾಕಿ ಆದಳ್ರಿ ಸರ, ಸಾಲಿ ಬಿಡಸ್ತೀನಿ" ಎಂದ. ಮಾಸ್ತರರು ಕನ್ನಡಕ ಏರಿಸಿ, "ಕಾಕಾ, ಅಲ್ಲಿಂದ ಇಲ್ಲಿಗೆ ಹೆಂಗ ಬಂದ್ರಿ?" ಎಂದರು. ಕನಕಪ್ಪನಿಗೆ ನಡುವಿನ ಹಂತ ಸಿಗಲಿಲ್ಲ. "ಮ್ಯಾಟ್ರಿಕ್ ಆಗಲಿ ತಗೋರಿ" ಎಂದು ಎದ್ದುಹೋದ. ಮರುದಿನ ಮಾದೇವಿ ಶಾಲೆಗೆ ಬಂದಳು. ಖುಷಿಯಲ್ಲಿ ಅವಸರ ಮಾಡಿ ಲೆಕ್ಕದಲ್ಲಿ ಒಂದು ಹಂತ ಬಿಟ್ಟಳು. ಮಾಸ್ತರರು ಅರ್ಧ ಅಂಕ ಕತ್ತರಿಸಿದರು.