ಮಾಮಾ ಕಿತ್ತ ತಂತಿ

ಅವರ ಬಲಗೈಯ ನಡುಬೆರಳಿನ ಗಿಣ್ಣು ಜಡ್ಡುಗಟ್ಟಿ ಕರ್ರಗಾಗಿತ್ತು. ಗೇಜು ಕಂಡಲ್ಲೆಲ್ಲ ಅದರ ಗಾಜಿಗೆ ಆ ಗಿಣ್ಣಿನಿಂದ ಕುಟ್ಟಿ, ಮುಳ್ಳು ಅಲುಗಿದ ಮೇಲೆಯೇ ಅದು ತೋರಿಸಿದ್ದನ್ನು ನಂಬುವವರು. ಉಮದಿ ರಸ್ತೆಯ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಆಪರೇಟರ್. ನಮಗೆಲ್ಲ ಮಾಮಾ.

"ಪ್ರೆಶರ್, ಟೆಂಪರೇಚರ್, ಲೆವಲ್, ಫ್ಲೋ. ಈ ನಾಕೂ ತಾವಾಗಿ ಸುಳ್ಳ ಹೇಳೂದಿಲ್ಲ. ಹೇಳಸಾವ್ರು ನಾವು," ಎನ್ನುತ್ತಿದ್ದರು.

ನಾನೋ ಹುಟ್ಟಾ ಅಂಜುಬುರುಕ. ಮನೆಯ ಫ್ರಿಜ್ಜು ಗುರ್ರೆಂದರೂ ಎಲ್ಲರನ್ನೂ ಅಂಗಳಕ್ಕೆ ಕರೆಯುವವನು. ಮಾಮಾ ನಗುತ್ತಿದ್ದರು: "ನಿನ್ನ ಮಾರಿ ಇದ್ರ ಅಲಾರಂ ಯಾಕ ಬೇಕೋ? ಅಂಜು. ಆದ್ರ ಅಂಜಿ ಓಡಬ್ಯಾಡ, ಅಂಜಿ ನೋಡು."

ಒಂದು ಬೇಸಿಗೆ ಕಂಡೆನ್ಸರಿಗೆ ಬರುವ ನೀರಿನ ಹರಿವು ಇಳಿಯಿತು. ಪೈಪುಗಳಲ್ಲಿನ ವಿಷಾನಿಲ ಅಮೋನಿಯಾ ತಣಿಯದೆ ಒತ್ತಡ ಏರುತ್ತಿತ್ತು. ಏರಿದಾಗಲೆಲ್ಲ ಸುರಕ್ಷೆಯ ಸ್ವಿಚ್ಚು ಯಂತ್ರ ನಿಲ್ಲಿಸುತ್ತಿತ್ತು. ಹೊಸ ಪಂಪು ತರಿಸುವ ಬದಲು ಮಾಲೀಕ ಶೇಠರು ಆ ಸ್ವಿಚ್ಚು ಕೆಲಸ ಮಾಡದಂತೆ ಗೇಣುದ್ದದ ತಂತಿ ಜೋಡಿಸಿಬಿಟ್ಟರು. ಇನ್ನು ಒತ್ತಡ ಎಷ್ಟೇರಿದರೂ ಯಂತ್ರ ನಿಲ್ಲದು. ಗೋಡೆಯಾಚೆ ಸನಮಡಿ ಊರಿನ ಹೆಂಗಸರು ದ್ರಾಕ್ಷಿ ಆರಿಸುತ್ತ ಕೂತಿದ್ದರು.

ಮಾಮಾ ಮೇನ್ ಸ್ವಿಚ್ ಇಳಿಸಿ ತಂತಿ ಕಿತ್ತರು.

"ಯಾರನ್ನ ಕೇಳಿ ಬಂದ್ ಮಾಡೀದಿ? ಮಾಲ್ ಕೆಟ್ರ ನಿಮ್ಮಪ್ಪ ಕೊಡ್ತಾನೇನು?" ಶೇಠರು ಒದರಿದರು.

"ಪೈಪ್ ಒಡದ್ರ ಆ ಕಡೆ ಕುಂತಾವ್ರು ಉಸರಾಡೂದು ಹ್ಯಾಂಗ್ರಿ? ನೀವೂ ಒಂದ್ ತಾಸ ಇಲ್ಲೇ ಕುಂದ್ರಿ, ತಂತಿ ನನ್ನ ಕೈಯಾರ ಹಾಕ್ತೀನಿ."

ಶೇಠರು ಕೂರಲಿಲ್ಲ. ನಾಳೆಯಿಂದ ಬರಬೇಡ ಎಂದರು. ಮಾಮಾ ಊಟದ ಡಬ್ಬಿ ಹಿಡಿದು ನಡೆದರು. ಆಮೇಲೆ ಪಂಪು ಬಂತು. ಮಾಮಾನನ್ನು ಮಾತ್ರ ಯಾರೂ ಕರೆಯಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಈ ಬೇಸಿಗೆಯಲ್ಲಿ ಮಾಮಾ ತೀರಿಕೊಂಡರು. ಮಣ್ಣಿಗೆ ಶೇಠರೂ ಬಂದರು, ಎಲ್ಲರದಕ್ಕಿಂತ ದಪ್ಪ ಹಾರ ಹಿಡಿದು. "ನಮ್ಮ ಕಾರಖಾನಿ ಕಣ್ಣ ಹೋದಂಗಾತು," ಎಂದು ಕರವಸ್ತ್ರ ತೆಗೆದರು.

"ಹೋಗಿಲ್ರಿ ಶೇಠ್ರ. ನೀವು ಕಿತ್ತೀರಿ."

ಅಂದವರು ಯಾರೆಂದು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ, ಮಾತು ನನ್ನದೇ. ಮನೆ ಮುಟ್ಟುವವರೆಗೆ ನೌಕರಿಯ ಚಿಂತೆ, ಮಗಳ ಕಾಲೇಜಿನ ಚಿಂತೆ, ಬಾಯಿ ಯಾಕೆ ತೆರೆದೆನೆಂಬ ಚಿಂತೆ.

ಮರುದಿನ ಪಾಳಿಗೆ ಹೋದವನು ಗೇಜಿಗೆ ಕುಟ್ಟಿದೆ. ಮುಳ್ಳು ಅಲುಗಿತು, ಕೆಂಪು ಗೆರೆಯ ಆಚೆಗೇ ನಿಂತಿತು. ಆಗ ಬಂದ ಪಂಪೂ ಈಗ ಸೋತಿತ್ತು. ಯಂತ್ರ ಮಾತ್ರ ಓಡುತ್ತಲೇ ಇತ್ತು. ಸ್ವಿಚ್ಚಿನ ಪೆಟ್ಟಿಗೆ ತೆರೆದೆ. ಅದೇ ಜಾಗದಲ್ಲಿ ಹೊಸ ತಂತಿ.

ಅಂಜಿದೆ. ಓಡಲಿಲ್ಲ. ಮೇನ್ ಇಳಿಸಿದೆ.